ಮಾಣಿಯ ಕವಲು ಮತ್ತು ಪರಸ್ಥಳದ ವಿದ್ಯಾರ್ಥಿ

ಮಂಗಳೂರಿನಿಂದ ಮೂಡಲಿಗೆ ಬಂಟ್ವಾಳವನ್ನು ಹಾದು ಬರುವ ಹೆದ್ದಾರಿಯು ಮಾಣಿಯೆಂಬ ಊರಿನಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ದಾರಿ ಉಪ್ಪಿನಂಗಡಿಯ ಮೇಲಾಗಿ ಶಿರಾಡಿ ಘಟ್ಟವನ್ನೇರಿ ಬೆಂಗಳೂರಿಗೆ ಹೋಗುವುದು. ಇನ್ನೊಂದು ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿಗಳನ್ನು ಹಾದು ಮೈಸೂರನ್ನು ಸೇರುವುದು. ಓದಿಗಾಗಿ ಊರು ಬಿಟ್ಟ ಈ ಸೀಮೆಯ ಮಕ್ಕಳು ತಲೆಮಾರುಗಳಿಂದ ಈ ಕವಲಿನಲ್ಲಿ ಗಂಟುಮೂಟೆಗಳೊಡನೆ ನಿಂತಿದ್ದಾರೆ. ಮುಂದಿನ ಪಾಠವೇನೆಂಬ ಚಿಂತೆಗಿಂತ ಮೊದಲು ಅವರನ್ನು ಕಾಡಿದುದು ಬೇರೊಂದು ಚಿಂತೆ: ಇಂದು ರಾತ್ರಿ ಮಲಗುವುದೆಲ್ಲಿ, ನಾಳೆ ಉಣ್ಣುವುದೆಲ್ಲಿ? ಈ ಸಣ್ಣ ಪ್ರಶ್ನೆಗೆ ದೊಡ್ಡದೊಂದು ಚರಿತ್ರೆಯುಂಟು. ಅದನ್ನು ಕೇಳುಗರ ಮುಂದಿಡುವುದೇ ನನ್ನ ಉದ್ದೇಶ.

ಮಾಣಿಯಿಂದ ಮೈಸೂರಿಗೆ ಹೋಗುವುದು ಈಗ ಅರ್ಧ ದಿನದ ಕೆಲಸ. 1947ಕ್ಕೆ ಮುಂಚೆ ಅದೇ ದಾರಿಯಲ್ಲಿ ಹೋದವನು ಮೂರು ಸರ್ಕಾರಗಳ ಸೀಮೆಯನ್ನು ದಾಟಬೇಕಾಗಿತ್ತು. ದಕ್ಷಿಣ ಕನ್ನಡವು ಮದರಾಸು ಪ್ರೆಸಿಡೆನ್ಸಿಯ ಒಂದು ಜಿಲ್ಲೆ. ಸಂಪಾಜೆಯಿಂದಾಚೆಗೆ 1834ರಲ್ಲಿ ಬ್ರಿಟಿಷರ ವಶವಾದ ಕೊಡಗು. ಅದರಾಚೆಗೆ ಮಹಾರಾಜರ ಸಂಸ್ಥಾನ. ಮನೆಯಲ್ಲಿ ತುಳುವೋ ಕೊಂಕಣಿಯೋ ಕನ್ನಡವೋ ಇದ್ದರೂ ಶಾಲೆಯ ನುಡಿ ಕನ್ನಡವೇ. ಆದರೂ ಮೈಸೂರಿನ ಬೀದಿಯಲ್ಲಿ ಅವನು ಪರಸ್ಥಳದವನು. 1956ರ ನವೆಂಬರ್ 1ರಂದು ಈ ಸೀಮೆಗಳೆಲ್ಲ ಒಂದೇ ರಾಜ್ಯವಾದ ಮೇಲೆಯೇ ಆ ಪರಕೀಯತೆಯು ಕಾಗದದ ಮೇಲಾದರೂ ಅಳಿಯಿತು.

ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದುದು 1916ರಲ್ಲಿ. ಅದಕ್ಕೆ ಮೊದಲು, ಅದಾದ ಮೇಲೂ ಬಹುಕಾಲ, ಕರಾವಳಿಯ ವಿದ್ಯಾರ್ಥಿಗಳ ದೃಷ್ಟಿಯೆಲ್ಲ 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯದ ಕಡೆಗೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಓದಿಗಾಗಿ ಮಂಗಳೂರಿಗೆ ಹೋದರು. ಮಂಜೇಶ್ವರದ ಗೋವಿಂದ ಪೈಗಳು ಮದರಾಸಿನವರೆಗೂ ಹೋದರು. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ರೈಲಿನಿಂದ ಪ್ರಯಾಣವು ಸುಲಭವಾಯಿತೇ ಹೊರತು ಬಿಡಾರವು ಸುಲಭವಾಗಲಿಲ್ಲ.

ವಿದ್ಯೆಗಾಗಿ ಪರರಾಜ್ಯಕ್ಕೆ ಹೋಗುವುದು ನಮಗೆ ಹೊಸದಲ್ಲ. ತಾಳಗುಂದದ ಶಾಸನವು ಹೇಳುವಂತೆ, ಕದಂಬರ ಮೂಲಪುರುಷನಾದ ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ಪಲ್ಲವರ ಕಂಚಿಗೆ ಹೋಗಿ ಅಲ್ಲಿಯ ಘಟಿಕೆಯನ್ನು ಹೊಕ್ಕನು. ಅಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನೊಡನೆ ಜಗಳವಾಗಿ, ಆ ಅವಮಾನದಿಂದ ಓದನ್ನು ಬಿಟ್ಟು ಕತ್ತಿಯನ್ನು ಹಿಡಿದನು. ಪರಸ್ಥಳದ ವಿದ್ಯಾರ್ಥಿಯ ಅಭಿಮಾನವು ಎಷ್ಟು ಸುಲಭವಾಗಿ ನೋಯುವುದೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷ್ಯವು ಕನ್ನಡನಾಡಿನಲ್ಲಿ ದೊರೆಯುವುದು ಕಷ್ಟ. ಇದಕ್ಕೆ ಪ್ರತಿಯಾಗಿ ವಿಜಯಪುರದ ಸೀಮೆಯ ಸಾಲೋಟಗಿಯನ್ನು ನೋಡಬಹುದು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಇಪ್ಪತ್ತೇಳು ನಿವಾಸಗಳನ್ನೂ, ದೀಪದ ವೆಚ್ಚಕ್ಕೆ ಪ್ರತ್ಯೇಕವಾಗಿ ಭೂಮಿಯನ್ನೂ ಬಿಟ್ಟುದನ್ನು 945ರ ಶಾಸನವು ತಿಳಿಸುತ್ತದೆ. ಪಾಠ ಹೇಳುವವನಿಗೆ ಸಂಬಳವನ್ನು ಗೊತ್ತುಮಾಡಿದರೆ ಸಾಲದು, ಓದುವವನ ದೀಪಕ್ಕೆ ಎಣ್ಣೆಯೂ ಬೇಕೆಂಬುದನ್ನು ಆ ಮಂತ್ರಿಯು ಅರಿತಿದ್ದನು.

ಹೊಸಕಾಲದ ಪಟ್ಟಣಗಳಲ್ಲಿ ಬಡ ಬ್ರಾಹ್ಮಣ ವಿದ್ಯಾರ್ಥಿಯ ಪಾಲಿಗೆ ಈ ಸಾಲೋಟಗಿಯಾಗಿ ಒದಗಿದುದು ವಾರಾನ್ನ. ವಾರಕ್ಕೆ ಏಳು ದಿನ, ಏಳು ಮನೆ. ಒಂದು ಮನೆಯಲ್ಲಿ ಸೂತಕವಾದರೆ ಆ ದಿನ ಹೊಟ್ಟೆಗೆ ತಣ್ಣೀರೇ ಗತಿ. ಹಲವರು ಮಲಗುತ್ತಿದ್ದುದು ಮಠದಲ್ಲಿಯೋ ಛತ್ರದಲ್ಲಿಯೋ ದೇವಸ್ಥಾನದ ಜಗಲಿಯಲ್ಲಿಯೋ. ಆ ಅನ್ನದ ಋಣವನ್ನು ಮುದಿತನದವರೆಗೂ ನೆನೆದ ಹಿರಿಯರು ಎಷ್ಟೋ ಮಂದಿ. ಆದರೆ ಬಾಗಿಲನ್ನು ತೆರೆಯುವ ಮುನ್ನ ಆ ಮನೆಗಳು ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: “ಯಾವ ಊರಪ್ಪಾ, ಯಾರ ಪೈಕಿ?” ಉತ್ತರವು ಒಪ್ಪಿಗೆಯಾದವನಿಗೆ ಎಲೆ ಬೀಳುತ್ತಿತ್ತು. ಒಪ್ಪಿಗೆಯಾಗದವನ ಗತಿಯನ್ನು ಯಾರೂ ಬರೆದಿಡಲಿಲ್ಲ.

ಆ ಕೊರತೆಯನ್ನು ತುಂಬಲೆಂದೇ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಒಂದೊಂದು ಸಮಾಜವೂ ತನ್ನ ಮಕ್ಕಳಿಗಾಗಿ ವಿದ್ಯಾರ್ಥಿನಿಲಯವನ್ನು ಕಟ್ಟತೊಡಗಿತು. ಬೆಂಗಳೂರಿನ ಒಕ್ಕಲಿಗರ ಸಂಘವು 1906ರಲ್ಲಿ ಹುಟ್ಟಿತು. ವೀರಶೈವ ಮಠಗಳು ಅನ್ನ ವಸತಿಗಳನ್ನು ಕೊಟ್ಟವು. ಯಾರ ಬಾಗಿಲೂ ತೆರೆಯದಿದ್ದವರಿಗಾಗಿ ಮಂಗಳೂರಿನಲ್ಲಿ ದುಡಿದವರು ಕುದ್ಮುಲ್ ರಂಗರಾಯರು. 1897ರಲ್ಲಿ ಅವರು ನಿಮ್ನವರ್ಗಗಳ ಸೇವಾಮಂಡಲಿಯನ್ನು ಸ್ಥಾಪಿಸಿ, ಶಾಲೆಗಳೊಂದಿಗೆ ವಸತಿಯನ್ನೂ ಏರ್ಪಡಿಸಿದರು. ಅದಕ್ಕಾಗಿ ಸ್ವಜನರ ತಿರಸ್ಕಾರವನ್ನೂ ಉಂಡರು. ಶಾಲೆಯ ಬಾಗಿಲನ್ನು ತೆರೆದು ಮಲಗುವ ಮನೆಯ ಬಾಗಿಲನ್ನು ಮುಚ್ಚಿದರೆ ವಿದ್ಯೆಯು ಅರ್ಧದಾರಿಯಲ್ಲಿಯೇ ನಿಲ್ಲುವುದೆಂಬುದು ಅವರ ಕೆಲಸದಿಂದ ನಮಗೆ ತಿಳಿಯುವ ಪಾಠ.

ಪಾಶ್ಚಾತ್ಯರಲ್ಲಿಯೂ ಈ ತೊಡಕು ಇಲ್ಲದಿರಲಿಲ್ಲ. ಕೇಂಬ್ರಿಜ್ಜಿನ ಮನೆಯೊಡೆಯರು ವಿದ್ಯಾರ್ಥಿಗಳಿಂದ ವಿಪರೀತ ಬಾಡಿಗೆಯನ್ನು ಕೀಳುತ್ತಿದ್ದುದರಿಂದ 1231ರಲ್ಲಿ ಇಂಗ್ಲೆಂಡಿನ ಮೂರನೆಯ ಹೆನ್ರಿ ದೊರೆಯು ಒಂದು ಆಜ್ಞೆಯನ್ನು ಕಳುಹಿಸಿದನು. ಇಬ್ಬರು ಅಧ್ಯಾಪಕರೂ ಇಬ್ಬರು ಪಟ್ಟಣಿಗರೂ ಕೂಡಿ ಕುಳಿತು ಬಾಡಿಗೆಯನ್ನು ನಿಷ್ಕರ್ಷಿಸತಕ್ಕದ್ದೆಂದು ಅದರ ತಾತ್ಪರ್ಯ. ಅಲ್ಲಿ ವಿದ್ಯಾರ್ಥಿಯ ಪರವಾಗಿ ನಿಂತದ್ದು ಜಾತಿಯಲ್ಲ, ನೆಂಟಸ್ತಿಕೆಯಲ್ಲ. ವಿದ್ಯಾಪೀಠವೇ ಅವನಿಗೆ ಜಾಮೀನಾಯಿತು.

ಈಗ ಪ್ರವಾಹವು ಎರಡು ಕಡೆಗೂ ಹರಿಯುತ್ತಿದೆ. ಮಾಣಿಯ ಸುತ್ತಿನ ಮನೆಗಳ ಮಕ್ಕಳು ಸಮುದ್ರಗಳನ್ನು ದಾಟಿ ಕಾಣದ ನಗರಗಳಲ್ಲಿ ಕೋಣೆಯನ್ನು ಹುಡುಕುತ್ತಾರೆ. ಹೊರದೇಶಗಳ ತರುಣರು ಮೈಸೂರಿಗೂ ಮಣಿಪಾಲಕ್ಕೂ ಮಂಗಳೂರಿಗೂ ಬರುತ್ತಾರೆ. ವಿದೇಶೀಯರನ್ನು ಇಳಿಸಿಕೊಂಡವರು ಇಪ್ಪತ್ತನಾಲ್ಕು ಗಂಟೆಗಳೊಳಗೆ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮವಿದೆ. ಅದು ಕಷ್ಟದ ಕೆಲಸವೇನಲ್ಲ; ಆದರೆ ಮನಸ್ಸಿಲ್ಲದವನಿಗೆ ಅದೂ ಒಂದು ನೆವವಾಗುತ್ತದೆ. “ಯಾರ ಪೈಕಿ?” ಎಂಬ ಹಳೆಯ ಪ್ರಶ್ನೆಯು ಹೊಸ ವೇಷದಲ್ಲಿ ಬಾಗಿಲಲ್ಲಿಯೇ ನಿಂತಿದೆ.

ನಮ್ಮ ಮಗನಿಗೆ ಪರದೇಶದಲ್ಲಿ ಯಾವಳೋ ತಾಯಿಯೊಬ್ಬಳು ಬಾಗಿಲು ತೆರೆಯಲೆಂದು ನಾವು ಹಾರೈಸುತ್ತೇವೆ. ನಮ್ಮ ಬೀದಿಗೆ ಬಂದ ಪರದೇಶದ ಮಗನ ತಾಯಿಯೂ ತನ್ನ ದೇವರಲ್ಲಿ ಅದನ್ನೇ ಬೇಡುತ್ತಿರಬೇಕು. ಸಾಲೋಟಗಿಯ ಇಪ್ಪತ್ತೇಳು ಮನೆಗಳನ್ನು ಕಟ್ಟಿಸುವ ಶಕ್ತಿಯು ನಮ್ಮೆಲ್ಲರಿಗಿಲ್ಲ. ನಮಗಿರುವುದು ಒಂದು ಬಾಗಿಲು; ಅದನ್ನು ತಟ್ಟಿದವನಿಗೆ ಏನೆಂದು ಹೇಳುವೆವೆಂಬುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ.