999ನೇ ನಂಬರಿನ ಗುಟ್ಟು

1966ರಲ್ಲಿ 'ಮಂತ್ರಾಲಯ ಮಹಾತ್ಮೆ'ಯ ರಾಘವೇಂದ್ರ ಸ್ವಾಮಿಗಳಾಗಿ ಕಾವಿಯುಟ್ಟಿದ್ದ ರಾಜ್‌ಕುಮಾರ್, ಎರಡೇ ವರ್ಷಕ್ಕೆ ಕೋಟು ತೊಟ್ಟು ಪಿಸ್ತೂಲು ಹಿಡಿದರು. ಚಿತ್ರ 'ಜೇಡರ ಬಲೆ', ನಾಯಕ ಸಿ.ಐ.ಡಿ. 999 ಪ್ರಕಾಶ್. ಜೇಮ್ಸ್ ಬಾಂಡ್‌ನ 007 ಆಗ ಮದರಾಸಿನ ಸ್ಟುಡಿಯೊಗಳಿಗೆಲ್ಲ ಗುಂಗು ಹಿಡಿಸಿತ್ತು. ತೆಲುಗಿನಲ್ಲಿ 1966ರಲ್ಲೇ ಕೃಷ್ಣ 'ಗೂಢಚಾರಿ 116' ಆಗಿದ್ದರು. ಕನ್ನಡದ ನಿರ್ದೇಶಕ ಜೋಡಿ ದೊರೆ-ಭಗವಾನ್ ಅದೇ ಗಾಳಿಗೆ ತಮ್ಮ ಪಟ ಹಾರಿಸಿದರು.

ಪ್ರೇಕ್ಷಕರಿಗೆ ಪತ್ತೇದಾರಿಕೆ ಹೊಸದೇನಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಅಷ್ಟರಲ್ಲಿ ಮನೆಮನೆ ಹೊಕ್ಕಿದ್ದ. ಹರಿದ ರಟ್ಟಿನ ಆ ಕಾದಂಬರಿಗಳು ಕೈಯಿಂದ ಕೈಗೆ ದಾಟಿ ಓದುಗರನ್ನು ಪಳಗಿಸಿದ್ದವು. ಹಾಗಾಗಿ 999 ಬಂದಾಗ ಗಾಂಧಿ ಕ್ಲಾಸಿನವರಿಗೆ ಸುಳಿವು, ಸಂಶಯ, ವೇಷ ಮರೆಸುವುದು ಯಾವುದನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

ಲೋಹವನ್ನು ಚಿನ್ನವಾಗಿಸುವ ಸೂತ್ರ 'ಜೇಡರ ಬಲೆ'ಯ ಕಥೆಗೆ ಎಳೆ ಒದಗಿಸಿತು. ಅದರಾಚೆಗೆ ವಿಜ್ಞಾನಕ್ಕೆ ಅಲ್ಲಿ ಕೆಲಸವಿಲ್ಲ. ಸೂತ್ರ ಕಳುವಾಗಬೇಕು, ಅದರ ಹಿಂದೆ ನಾಯಕ ಓಡಬೇಕು, ಅಷ್ಟೇ. ಕನ್ನಡ ಸಿನಿಮಾದಲ್ಲಿ ವಿಜ್ಞಾನ ಮುಂದೆಯೂ ಬಹುಪಾಲು ಹೀಗೆ ನೆಂಟನ ಹಾಗೆಯೇ ಬಂದುಹೋಗಿದೆ. ಸಂಸಾರ ನಡೆಸಿದ್ದು ಸಸ್ಪೆನ್ಸ್.

999 ಮಾತ್ರ ನಿಲ್ಲಲಿಲ್ಲ. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಮೊದಲನೆಯದು ಲಕ್ಷ್ಮಿಯನ್ನು ಕನ್ನಡಕ್ಕೆ ತಂದರೆ, ಎರಡನೆಯದರಲ್ಲಿ ನಾಯಕಿಯಾಗಿದ್ದ ಹುಡುಗಿ ರೇಖಾ, ಮುಂದೆ ಹಿಂದಿಯ ದೊಡ್ಡ ತಾರೆ. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ರಾಜ್‌ಕುಮಾರ್ ಇಂಗ್ಲಿಷ್ ಹಾಡನ್ನೇ ಹಾಡಿಬಿಟ್ಟರು. ಕಥೆ ಮರೆತವರ ಬಾಯಲ್ಲೂ ಆ ಹಾಡು ಇವತ್ತಿಗೂ ಉಳಿದಿದೆ, ಥ್ರಿಲ್ಲರ್‌ಗೆ ಇದು ಹೊಗಳಿಕೆಯೋ ಅಲ್ಲವೋ.

ಏಕೆಂದರೆ ಹಾಡೇ ಈ ಬಗೆಯ ಚಿತ್ರಕ್ಕೆ ದೊಡ್ಡ ತೊಡಕು. ಕೊಲೆಗಾರ ಬಾಗಿಲ ಹಿಂದೆ ನಿಂತಿರುವಾಗ ನಾಯಕ ನಾಯಕಿ ಊಟಿಯ ಹೂದೋಟಕ್ಕೆ ಹೊರಟರೆ, ನೋಡುವವನು ಬೀಡಿ ಸೇದಲು ಎದ್ದು ಹೋಗುತ್ತಾನೆ. ಇದನ್ನು ಬಗೆಹರಿಸಿದವರು ಸುನಿಲ್ ಕುಮಾರ್ ದೇಸಾಯಿ. 1989ರ 'ತರ್ಕ' ಅವರ ಮೊದಲ ನಿರ್ದೇಶನ, ಶಂಕರ್ ನಾಗ್ ನಾಯಕ, ಹಾಡು ಒಂದೂ ಇಲ್ಲ. ಹಾಡಿಲ್ಲದೆ ಕನ್ನಡ ಚಿತ್ರ ಓಡೀತೇ ಎಂದು ಕೇಳುತ್ತಿದ್ದ ಕಾಲವದು. ಓಡಿತು, ಮರುವರ್ಷವೇ ತಮಿಳಿಗೂ ಹೋಯಿತು. 1993ರ 'ನಿಷ್ಕರ್ಷ'ದಲ್ಲಿ ಬ್ಯಾಂಕ್ ದರೋಡೆ, ಒತ್ತೆಯಾಳುಗಳು, ಕಮಾಂಡೊ ಆಗಿ ವಿಷ್ಣುವರ್ಧನ್, ಅಲ್ಲೂ ಹಾಡಿಲ್ಲ. 'ಡೈ ಹಾರ್ಡ್' ನೋಡಿದವರು ಮೂಲ ಎಲ್ಲಿಯದೆಂದು ಗುರುತಿಸಿದರು. ಆದರೂ ಬಿಗಿ ದೇಸಾಯಿಯವರದೇ. 'ನಿಷ್ಕರ್ಷ'ದಲ್ಲಿ ಖಳನಾಗಿ ಪರಿಚಯವಾದ ಬಿ.ಸಿ. ಪಾಟೀಲ್ ನಿಜಜೀವನದಲ್ಲಿ ಪೊಲೀಸ್ ಅಧಿಕಾರಿ, ಮುಂದೆ ರಾಜ್ಯದ ಕೃಷಿ ಸಚಿವ!

ಇನ್ನೊಂದು ದಾರಿ ಕಾಶೀನಾಥ್ ಅವರದು. ನಗೆಚಿತ್ರಗಳಿಂದ ಹೆಸರಾಗುವ ಮೊದಲು ಅವರು ಮಾಡಿದ್ದು 1978ರ 'ಅಪರಿಚಿತ' ಎಂಬ ಸಸ್ಪೆನ್ಸ್. ಹಿಂದಿಯಲ್ಲೂ ಅದನ್ನು 'ಬೇಶಕ್' ಎಂದು ತಾವೇ ತೆಗೆದರು. ಅವರ ಶಿಷ್ಯ ಉಪೇಂದ್ರ 1993ರಲ್ಲಿ 'ಶ್!' ಎಂದು ತುಟಿಗೆ ಬೆರಳಿಟ್ಟು ಹೆದರಿಸಿ, 2002ರ 'ಹಾಲಿವುಡ್'ನಲ್ಲಿ ರೋಬಾಟ್ ಆದರು. ತನ್ನನ್ನು ಮಾಡಿದವನು ಮೆಚ್ಚಿದ ಹುಡುಗಿಯನ್ನೇ ಆ ಯಂತ್ರವೂ ಪ್ರೀತಿಸುತ್ತದೆ. ರಜನಿಕಾಂತರ 'ಎಂದಿರನ್' ಬಂದದ್ದು 2010ರಲ್ಲಿ. 'ಇದನ್ನು ನಮ್ಮ ಉಪ್ಪಿ ಎಂಟು ವರ್ಷ ಹಿಂದೆಯೇ ಮಾಡಿದ್ದ ಗುರು' ಎನ್ನುವ ಅಭಿಮಾನಿ ಚಹಾ ಅಂಗಡಿಯಲ್ಲಿ ಇಂದಿಗೂ ಸಿಗುತ್ತಾನೆ. ವಾದ ಸರಿಯೇ, ಆದರೆ 'ಎಂದಿರನ್' ನಿರ್ದೇಶಕ ಶಂಕರ್ ಖರ್ಚು ಮಾಡಿದ ಹಣದ ಮುಂದೆ 'ಹಾಲಿವುಡ್'ನ ರೋಬಾಟ್ ಬಡವ.

ಹಣವಿಲ್ಲದೆಯೂ ಆಗುತ್ತದೆಂದು 2013ರಲ್ಲಿ ಪವನ್ ಕುಮಾರ್ ತೋರಿಸಿದರು. ನಿರ್ಮಾಪಕರು ಸಿಗದಾಗ ಅವರು ಪ್ರೇಕ್ಷಕರಿಂದಲೇ ಚಂದಾ ಎತ್ತಿ 'ಲೂಸಿಯಾ' ಮಾಡಿದರು. ಲಂಡನ್ ಭಾರತೀಯ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರೇಕ್ಷಕರ ಪ್ರಶಸ್ತಿಯೂ ಬಂತು. ಇಲ್ಲೂ ವಿಜ್ಞಾನದ ಪಾಲು ಒಂದು ಮಾತ್ರೆ, ನಿದ್ದೆ ಬಾರದವನಿಗೆ ಬೇಕಾದ ಕನಸು ತರುವ ಮಾತ್ರೆ. ಅದನ್ನು ನುಂಗುವವನು ಗೂಢಚಾರನಲ್ಲ, ಕಮಾಂಡೊ ಅಲ್ಲ. ಹಳೆಯ ಟಾಕೀಸೊಂದರ ಕತ್ತಲಲ್ಲಿ ಟಾರ್ಚ್ ಬಿಟ್ಟು, ತಡವಾಗಿ ಬಂದವರಿಗೆ ಸೀಟು ತೋರಿಸುವ ಹುಡುಗ.