ಅರ್ಮೇನಿಯನರ ಕರಕೌಶಲ

ಕಡುಗೆಂಪು ಬಣ್ಣಕ್ಕೆ ನಮ್ಮ ಭಾಷೆಯಲ್ಲಿ ಕಿರಮಂಜಿ ಎಂಬ ಹಳೆಯ ಹೆಸರೊಂದುಂಟು. ಪಾರಸಿಯ ‘ಕಿರ್ಮಿಜ್’ ಎಂಬ ಮಾತಿಗೆ ಸಂಬಂಧಿಸಿದ ಶಬ್ದವಿದು. ಅದರ ಬುಡದಲ್ಲಿರುವುದು ಹುಳು ಎಂಬರ್ಥದ ‘ಕಿರ್ಮ್’; ಸಂಸ್ಕೃತದ ‘ಕೃಮಿ’ಯೂ ಅದೂ ಒಂದೇ ಮನೆತನದವು. ಕಾಕಸಸ್ ಪರ್ವತಗಳ ದಕ್ಷಿಣಕ್ಕಿರುವ ಅರ್ಮೇನಿಯಾ ದೇಶದಲ್ಲಿ ಕೆಂಪಿಗೆ ‘ಕಾರ್ಮಿರ್’ ಎನ್ನುತ್ತಾರೆ. ಅದೂ ಇದೇ ಬಳಗದ ಶಬ್ದ. ಬಣ್ಣಕ್ಕೆ ಹುಳುವಿನ ಹೆಸರು ಬಂದುದೇಕೆಂದರೆ, ಆ ಬಣ್ಣವನ್ನು ಕೊಡುತ್ತಿದ್ದುದು ಹುಳುವೇ ಆದುದರಿಂದ.

ಅರ್ಮೇನಿಯನರು ಸಂಖ್ಯೆಯಲ್ಲಿ ಅಲ್ಪರಾದರೂ ಬಹು ಪ್ರಾಚೀನರಾದ ಜನ. 4ನೆಯ ಶತಮಾನದ ಆರಂಭದಲ್ಲಿಯೇ ಅವರ ರಾಜನು ಕ್ರೈಸ್ತಮತವನ್ನು ರಾಜ್ಯದ ಮತವನ್ನಾಗಿ ಸ್ವೀಕರಿಸಿದನು. 405ರ ಸುಮಾರಿಗೆ ಮೆಸ್ರೋಪ್ ಮಷ್ತೋತ್ಸ್ ಎಂಬ ಸನ್ಯಾಸಿ ಅವರ ಭಾಷೆಗೆ ಲಿಪಿಯನ್ನು ನಿರ್ಮಿಸಿಕೊಟ್ಟನು. ಆಮೇಲಿನ ಚರಿತ್ರೆ ದೊಡ್ಡ ಸಾಮ್ರಾಜ್ಯಗಳ ನಡುವೆ ಸಿಕ್ಕಿಕೊಂಡ ಸಣ್ಣ ನಾಡಿನ ಚರಿತ್ರೆ. 1991ರಲ್ಲಿ ಸ್ವತಂತ್ರವಾದ ಇಂದಿನ ಅರ್ಮೇನಿಯಾ ಅವರ ಹಳೆಯ ನೆಲದ ಒಂದು ತುಂಡು ಮಾತ್ರ. ಆ ಜನರು ತಮ್ಮ ಗುರುತೆಂದು ಭಾವಿಸುವ ಅರರಾತ್ ಪರ್ವತವೇ ತುರ್ಕಿಯ ಗಡಿಯೊಳಗೆ ನಿಂತಿದೆ.

ಇಂಥ ಜನರ ಕೈಕೆಲಸಗಳನ್ನು ಕುರಿತು ಯೋಚಿಸುವಾಗ ನಮಗೆ ಒಂದು ಪ್ರಶ್ನೆ ಎದುರಾಗುತ್ತದೆ. ಕಸುಬೊಂದು ನಿಜವಾಗಿ ನೆಲೆಸಿರುವುದೆಲ್ಲಿ? ಅದಕ್ಕೆ ಬೇಕಾದ ಮಣ್ಣು ಬಣ್ಣಗಳಲ್ಲಿಯೋ, ಮಾಡಿಟ್ಟ ವಸ್ತುವಿನಲ್ಲಿಯೋ, ಮಾಡುವವನ ಕೈಯಲ್ಲಿಯೋ? ನಾಲ್ಕು ನಿದರ್ಶನಗಳನ್ನಿಟ್ಟುಕೊಂಡು ಇದನ್ನು ವಿಚಾರಿಸೋಣ.

ಮೊದಲನೆಯದು ಆ ಕೆಂಪು ಬಣ್ಣವೇ. ಅದಕ್ಕೆ ‘ವೋರ್ದನ್ ಕಾರ್ಮಿರ್’, ಅಂದರೆ ಹುಳುವಿನ ಕೆಂಪು, ಎಂದು ಹೆಸರು. ಅರರಾತ್ ಬಯಲಿನ ಚೌಳು ನೆಲದಲ್ಲಿ ಬೆಳೆಯುವ ಒಂದು ಬಗೆಯ ಹುಲ್ಲಿನ ಬೇರನ್ನು ಹಿಡಿದು ಈ ಹುಳು ಬದುಕುತ್ತದೆ. ವರ್ಷದ ಬಹುಭಾಗ ಅದು ಮಣ್ಣಿನೊಳಗೇ ಇರುವುದು. ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಕೆಲವು ವಾರಗಳ ಮಟ್ಟಿಗೆ, ಅದೂ ಬೆಳಗಿನ ಹೊತ್ತಿನಲ್ಲಿ, ಹೆಣ್ಣುಹುಳುಗಳು ಮೇಲಕ್ಕೆ ಬರುತ್ತವೆ. ಆಯುವವರು ಆ ಸಮಯವನ್ನು ಬಲ್ಲವರಾಗಿರಬೇಕು. ಹುಳುವಿನಲ್ಲಿ ಕೊಬ್ಬು ಹೆಚ್ಚಾದುದರಿಂದ ಬಣ್ಣವನ್ನು ಬೇರ್ಪಡಿಸುವುದೂ ಸುಲಭವಲ್ಲ. ಈ ಬಣ್ಣವೇರಿದ ವಸ್ತ್ರಗಳನ್ನು 10ನೆಯ ಶತಮಾನದ ಅರಬ್ ಭೂಗೋಳಕಾರರು ಹೊಗಳಿದ್ದಾರೆ. 16ನೆಯ ಶತಮಾನದಲ್ಲಿ ಅಮೆರಿಕಾ ಖಂಡದಿಂದ, ಕಳ್ಳಿಗಿಡದ ಮೇಲೆ ಬದುಕುವ ಬೇರೊಂದು ಹುಳುವಿನ ಬಣ್ಣ ಬರತೊಡಗಿತು. ಅದರಲ್ಲಿ ಕೊಬ್ಬು ಕಡಮೆ, ಬಣ್ಣ ಹೆಚ್ಚು. ಅದರ ಮುಂದೆ ಅರರಾತಿನ ಹುಳು ನಿಲ್ಲಲಾರದೆ ಹೋಯಿತು. ಕೊಳ್ಳುವವರಿಲ್ಲದಿರಲು ಆಯುವವರು ಇಲ್ಲವಾದರು; ಆಯುವವರು ಹೋದಮೇಲೆ ಕಲಿಸುವವರೂ ಉಳಿಯಲಿಲ್ಲ. 1830ರ ದಶಕದಲ್ಲಿ ಎಚ್‌ಮಿಯಾಡ್ಜಿನ್ ಮಠದ ಸನ್ಯಾಸಿಯೊಬ್ಬನು ಹುಳುವನ್ನು ಹುಡುಕಿ ತೆಗೆದು ಮತ್ತೆ ಬಣ್ಣವನ್ನು ಮಾಡಿದನು. ಆದರೂ ಹಳೆಯ ಕಸುಬು ಮರಳಿ ಬೇರೂರಲಿಲ್ಲ. ಸೋವಿಯತ್ ಆಡಳಿತದ ಕಾಲದಲ್ಲಿ ಚೌಳುನೆಲದ ಬಹುಭಾಗ ಸಾಗುವಳಿಗೆ ಒಳಪಟ್ಟಿತು. ಅಳಿದುಳಿದ ಹುಳುವಿಗಾಗಿ 1987ರಲ್ಲಿ ಸುಮಾರು 200 ಹೆಕ್ಟೇರು ನೆಲವನ್ನು ರಕ್ಷಿತ ಪ್ರದೇಶವೆಂದು ಕಾದಿರಿಸಿದರು. ಹುಳು ಇಂದಿಗೂ ಅಲ್ಲಿದೆ. ಅದನ್ನು ಆಯ್ದು ಬದುಕುವ ಮನೆತನಗಳು ಇಲ್ಲ.

ಬರೆದಿಟ್ಟರೆ ಸಾಲದೆ, ಎಂದು ಕೇಳಬಹುದು. 15ನೆಯ ಶತಮಾನದಲ್ಲಿ ಅಮಾಸಿಯಾದ ಅಮೀರ್ದೋವ್ಲಾತ್ ಎಂಬ ಅರ್ಮೇನಿಯನ್ ವೈದ್ಯನು ಗಿಡಮೂಲಿಕೆಗಳನ್ನೂ ಇತರ ಔಷಧದ್ರವ್ಯಗಳನ್ನೂ ಕುರಿತು ಒಂದು ಬೃಹದ್ಗ್ರಂಥವನ್ನು ರಚಿಸಿದನು. ಒಂದೊಂದು ದ್ರವ್ಯಕ್ಕೂ ಹಲವು ಭಾಷೆಗಳ ಹೆಸರುಗಳನ್ನು ಕೊಟ್ಟು, ಗುಣಗಳನ್ನು ವಿವರಿಸಿದನು. ಆ ಗ್ರಂಥಕ್ಕೆ ಅವನಿಟ್ಟ ಹೆಸರಿನ ಅರ್ಥ ‘ಅರಿಯದವರಿಗೆ ನಿಷ್ಪ್ರಯೋಜಕ’ ಎಂದು. ಪುಸ್ತಕ ಎಷ್ಟೇ ವಿವರವಾಗಿದ್ದರೂ ಅದು ತಿಳಿದವನ ಕೈಗೆ ಬಿದ್ದಾಗಲೇ ಕೆಲಸಕ್ಕೆ ಬರುವುದೆಂಬುದನ್ನು ಆ ವೈದ್ಯನು ಚೆನ್ನಾಗಿ ಅರಿತಿದ್ದನು.

ಎರಡನೆಯದು ಕಲ್ಲಿನ ಕೆಲಸ. ‘ಖಾಚ್‌ಕಾರ್’ ಎಂದರೆ ಶಿಲುಬೆಯ ಕಲ್ಲು. ಆಳೆತ್ತರದ ಚಪ್ಪಡಿಯ ನಡುವೆ ಶಿಲುಬೆಯನ್ನು ಬಿಡಿಸಿ, ಸುತ್ತಲೂ ಬಳ್ಳಿ, ದ್ರಾಕ್ಷಿ, ದಾಳಿಂಬೆ, ಹೆಣೆದ ಗಂಟುಗಳನ್ನು ಕಸೂತಿಯಷ್ಟು ನಯವಾಗಿ ಕೊರೆಯುತ್ತಾರೆ. 9ನೆಯ ಶತಮಾನದಿಂದ ನಡೆದುಬಂದಿರುವ ಈ ಕಲೆಯಲ್ಲಿ ಒಂದು ಕಲ್ಲು ಇನ್ನೊಂದರಂತೆ ಇರುವುದಿಲ್ಲ. ಸೆವಾನ್ ಸರೋವರದ ಬಳಿಯ ನೊರಾತುಸ್ ಸ್ಮಶಾನದಲ್ಲಿ ಇಂಥವು 800ಕ್ಕೂ ಹೆಚ್ಚಾಗಿವೆ. ಇದಕ್ಕಿಂತಲೂ ದೊಡ್ಡದಾಗಿದ್ದುದು ಅರಾಕ್ಸ್ ನದಿಯ ದಡದ ಜೂಲ್ಫಾ ಪಟ್ಟಣದ ಸ್ಮಶಾನ. ಪಾರಸಿಯ ಷಾ ಅಬ್ಬಾಸನು 1604-05ರಲ್ಲಿ ಜೂಲ್ಫಾದವರನ್ನು ಎಬ್ಬಿಸಿ ತನ್ನ ರಾಜಧಾನಿ ಇಸ್ಫಹಾನಿಗೆ ಸಾಗಿಸಿದನು. ಅಲ್ಲಿ ಅವರು ಹೊಸ ಜೂಲ್ಫಾವನ್ನು ಕಟ್ಟಿ ವರ್ತಕರಾಗಿ ದೇಶದೇಶಗಳಿಗೆ ಹರಡಿದರು. ನಮ್ಮ ನೆರೆಯ ಮದರಾಸಿಗೂ ಬಂದರು. ಅರ್ಮೇನಿಯನ್ ಭಾಷೆಯ ಮೊತ್ತಮೊದಲ ಪತ್ರಿಕೆ ‘ಅಜ್ದರಾರ್’ ಅಚ್ಚಾದುದು 1794ರಲ್ಲಿ ಆ ಮದರಾಸಿನಲ್ಲಿಯೇ. ಹಳೆಯ ಜೂಲ್ಫಾದ ಕಲ್ಲುಗಳು ಮಾತ್ರ ನದಿಯ ದಡದಲ್ಲಿ ಉಳಿದುವು. 1998ರಿಂದ 2005ರೊಳಗೆ ಅವನ್ನು ಒಡೆದು ನೆಲಸಮ ಮಾಡಲಾಯಿತು. ಅಜರ್ಬೈಜಾನಿನ ಸರ್ಕಾರ ಇದನ್ನು ಅಲ್ಲಗಳೆಯಿತು. ಆದರೆ ಇರಾನಿನ ದಡದಿಂದ 2005ರ ಡಿಸೆಂಬರಿನಲ್ಲಿ ತೆಗೆದ ಚಿತ್ರಗಳಲ್ಲಿ ಸೈನಿಕರು ಸುತ್ತಿಗೆ ಹಿಡಿದು ಕಲ್ಲುಗಳನ್ನು ಒಡೆಯುತ್ತಿರುವುದು ಕಾಣುತ್ತದೆ. ಸಾವಿರಾರು ವಸ್ತುಗಳು ಹೀಗೆ ಹೋದುವು, ಅವು ಮರಳಿ ಬಾರವು. ಆದರೂ ಆ ಕಲೆ ಹೋಗಲಿಲ್ಲ. ಯೆರೆವಾನಿನಲ್ಲಿ ಇಂದಿಗೂ ಗುರುವಿನ ಪಕ್ಕದಲ್ಲಿ ಶಿಷ್ಯನು ಉಳಿ ಹಿಡಿದು ಇದನ್ನು ಕಲಿಯುತ್ತಾನೆ. 2010ರಲ್ಲಿ ಯುನೆಸ್ಕೋ ಸಂಸ್ಥೆ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಮೂರನೆಯದು ಮಣ್ಣಿನ ಕೆಲಸ. ಪಶ್ಚಿಮ ತುರ್ಕಿಯ ಕುತಾಹ್ಯಾ ಎಂಬ ಊರಿನಲ್ಲಿ ಅರ್ಮೇನಿಯನ್ ಕುಂಬಾರರು ಶತಮಾನಗಳಿಂದ ನೀಲಿ ಹಸುರು ಚಿತ್ರಗಳ ಮೆರುಗಿನ ಪಾತ್ರೆಗಳನ್ನೂ ಬಿಲ್ಲೆಗಳನ್ನೂ ಮಾಡುತ್ತಿದ್ದರು. 1915ರಲ್ಲಿ ಆಟೊಮನ್ ಸರ್ಕಾರವು ಅರ್ಮೇನಿಯನರನ್ನು ಊರುಗಳಿಂದ ಹೊರಡಿಸಿ ಮರುಭೂಮಿಯ ಕಡೆಗೆ ಅಟ್ಟಿತು. ಹತರಾದವರು 10 ಲಕ್ಷವನ್ನು ಮೀರಿದರೆಂದು ಬಹುಮಂದಿ ಇತಿಹಾಸಕಾರರ ಮತ. 1916ರಲ್ಲಿ ಗಡೀಪಾರಾದ ಕುತಾಹ್ಯಾದ ದಾವಿದ್ ಒಹಾನೆಸಿಯನ್ ಎಂಬ ಕಸುಬುದಾರನು ಅಲೆಪ್ಪೊ ಪಟ್ಟಣದಲ್ಲಿ ನಿರಾಶ್ರಿತನಾಗಿದ್ದನು. ಯುದ್ಧ ಮುಗಿದಮೇಲೆ ಬ್ರಿಟಿಷರು, ಜೆರೂಸಲೇಮಿನ ಸುಪ್ರಸಿದ್ಧ ಬಂಡೆಗುಮ್ಮಟದ ಬಿಲ್ಲೆಗಳನ್ನು ಸರಿಪಡಿಸುವ ಉದ್ದೇಶದಿಂದ ಅವನನ್ನು ಅಲ್ಲಿಗೆ ಬರಮಾಡಿಕೊಂಡರು. 1919ರಲ್ಲಿ ಅವನು ಬಾಲಿಯನ್, ಕರಕಾಷಿಯನ್ ಮನೆತನಗಳ ಕುಶಲಿಗಳನ್ನೂ ಕರೆತಂದನು. ಗುಮ್ಮಟದ ಕೆಲಸ ಎಣಿಸಿದಂತೆ ಸಾಗಲಿಲ್ಲ. ಆದರೆ ಹೂಡಿದ ಆವಿಗೆ ಆರಲಿಲ್ಲ. ಆ ಎರಡು ಮನೆತನಗಳೂ 1922ರಲ್ಲಿ ಕೂಡಿ ತಮ್ಮದೇ ಕಾರ್ಯಾಲಯವನ್ನು ತೆರೆದುವು. ಒಹಾನೆಸಿಯನ್ 1948ರಲ್ಲಿ ಮತ್ತೊಮ್ಮೆ ಊರು ಬಿಡಬೇಕಾಯಿತು. 1953ರಲ್ಲಿ ಬೈರೂತಿನಲ್ಲಿ ತೀರಿಕೊಂಡನು. ಕುತಾಹ್ಯಾದಲ್ಲಿ ಅವರ ಬೀದಿಗಳು ಬರಿದಾದುವು. ಜೆರೂಸಲೇಮಿಗೆ ಹೋದ ಯಾತ್ರಿಕರು ಮಾತ್ರ ಇಂದಿಗೂ ಆ ಮನೆತನಗಳ ಬಟ್ಟಲನ್ನೋ ಬಿಲ್ಲೆಯನ್ನೋ ಕಾಣಿಕೆಗಾಗಿ ಕೊಂಡು ತರುತ್ತಾರೆ.

ಕೊನೆಯದು ಒಂದು ಜಮಖಾನೆಯ ವೃತ್ತಾಂತ. ಅದೇ ಕೊಲೆಗಳಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಬಾಲಿಕೆಯರು ಲೆಬನಾನಿನ ಗಜೀರ್ ಎಂಬಲ್ಲಿ, ಅಮೆರಿಕದ ಪರಿಹಾರಸಂಸ್ಥೆಯೊಂದರ ಅನಾಥಾಲಯದಲ್ಲಿ ಬೆಳೆಯುತ್ತಿದ್ದರು. ಅವರಿಗೆ ಮಗ್ಗದ ಮುಂದೆ ಕುಳಿತು ಗಂಟುಹಾಕುವುದನ್ನು ಕಲಿಸಿದರು. ತಮಗೆ ಅನ್ನವಿಕ್ಕಿದ ದೇಶಕ್ಕೆ ಕೃತಜ್ಞತೆಯ ಕಾಣಿಕೆಯೆಂದು ಅವರು 10 ತಿಂಗಳು ದುಡಿದು, 44,04,206 ಗಂಟುಗಳುಳ್ಳ ಒಂದು ದೊಡ್ಡ ಜಮಖಾನೆಯನ್ನು ನೆಯ್ದರು. ಅದರ ತುಂಬ ಮೃಗಗಳೂ ಗಿಡಬಳ್ಳಿಗಳೂ ಇವೆ. 1925ರ ಡಿಸೆಂಬರಿನಲ್ಲಿ ಅದನ್ನು ಅಧ್ಯಕ್ಷ ಕೂಲಿಜ್ ಅವರಿಗೆ ಅರ್ಪಿಸಲಾಯಿತು. ಆಮೇಲೆ ಬಹುಕಾಲ ಅದು ಜನರ ಕಣ್ಣಿಗೆ ಬೀಳದೆ ಇದ್ದಿತು. 2013ರಲ್ಲಿ ಪ್ರದರ್ಶನಕ್ಕೆ ಕೇಳಿದಾಗ ಶ್ವೇತಭವನದ ಅಧಿಕಾರಿಗಳು ಕೊಡಲಿಲ್ಲ. 2014ರ ನವೆಂಬರಿನಲ್ಲಿ ಕೆಲವೇ ದಿನಗಳ ಮಟ್ಟಿಗೆ ಹೊರತಂದರು. 1915ರ ಹತ್ಯೆಯನ್ನು ಜನಾಂಗಹತ್ಯೆಯೆಂದು ಕರೆಯಲು ಅಮೆರಿಕದ ಅಧ್ಯಕ್ಷರುಗಳು ಬಹುಕಾಲ ಹಿಂಜರಿಯುತ್ತಿದ್ದರು. ಹಾಗೆ ವಿಧ್ಯುಕ್ತವಾಗಿ ಕರೆದುದು 2021ರಲ್ಲಿ. ಬಾಲಿಕೆಯರ ಕಾಣಿಕೆ ರಾಜಕಾರಣಕ್ಕೆ ಇರಿಸುಮುರುಸಿನ ಸಾಕ್ಷಿಯಾಗಿ ಪರಿಣಮಿಸಿದ್ದಿತು.

ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರ ತೋರುತ್ತದೆ. ನೆಲವನ್ನು ಕಳೆದುಕೊಂಡ ಕುಂಬಾರರ ಕಸುಬು ಬದುಕಿತು. ಕಲ್ಲುಗಳು ಒಡೆದರೂ ಕಲ್ಲುಕುಟಿಗರ ವಿದ್ಯೆ ಬದುಕಿತು. ಬಾಲಿಕೆಯರಿಗೆ ತಾಯಂದಿರಿಲ್ಲದಿದ್ದರೂ ಕಲಿಸುವವರು ದೊರೆತರು. ನೆಲವೂ ಹುಳುವೂ ಇದ್ದಲ್ಲಿಯೇ ಇದ್ದ ಬಣ್ಣದ ಕಸುಬು ಮಾತ್ರ, ಶತ್ರುಗಳಾರೂ ಮೇಲೆ ಬೀಳದೆಯೇ, ಕಲಿಯುವವರಿಲ್ಲದೆ ಅಳಿಯಿತು.

ಯೆರೆವಾನ್ ನಗರದ ನಡುವೆ ವೆರ್ನಿಸಾಜ್ ಎಂಬ ಬಯಲು ಸಂತೆಯಿದೆ. ಮರದ ಕೆತ್ತನೆ, ಕಸೂತಿ, ಬೆಳ್ಳಿಯ ಒಡವೆ, ಮಣ್ಣಿನ ದಾಳಿಂಬೆ, ಹಳೆಯ ಜಮಖಾನೆ ಇವೆಲ್ಲ ಅಲ್ಲಿ ಮಾರಾಟಕ್ಕಿರುತ್ತವೆ. ಕೊಳ್ಳುವವರು ತಾವು ಒಂದು ನೆನಪಿನ ವಸ್ತುವನ್ನು ಕೊಳ್ಳುತ್ತಿರುವೆವೆಂದು ಭಾವಿಸಬಹುದು. ಅದು ನಿಜವೇ. ಆದರೆ ಅವರು ಕೊಟ್ಟ ಹಣ ಕಸೂತಿಗಾತಿಯ ಮಗಳು ಸೂಜಿ ಹಿಡಿಯಬೇಕೆ, ಬೇರೆ ಕೆಲಸ ಹುಡುಕಬೇಕೆ ಎಂಬುದನ್ನೂ ನಿರ್ಧರಿಸುತ್ತದೆ. ಕೈಕೆಲಸದ ಬೆಲೆಯನ್ನು ಚೌಕಾಸಿ ಮಾಡುವಾಗ, ಅದು ಅರ್ಮೇನಿಯಾದಲ್ಲಾಗಲಿ ನಮ್ಮ ಊರಿನ ಸಂತೆಯಲ್ಲಾಗಲಿ, ನಾವು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.