ಕನ್ನಡಿ ಕಳೆದ ಕ್ಯಾಮರಾ

ದೊಡ್ಡ ಕ್ಯಾಮರಾ ಮನೆಯ ಬೀರುವಿನಲ್ಲೇ ಉಳಿಯುತ್ತದೆ. ಚಿಕ್ಕದು ಜೇಬಿನಲ್ಲಿ ಕುಳಿತು ಊರೂರು ಸುತ್ತುತ್ತದೆ. ಜರ್ಮನಿಯ ವೆಟ್ಸ್ಲರ್ ಪಟ್ಟಣದ ಆಸ್ಕರ್ ಬಾರ್ನಾಕನಿಗೆ ಈ ಮಾತು ಅನುಭವದಿಂದಲೇ ತಿಳಿದಿತ್ತು. ಉಬ್ಬಸದ ರೋಗಿಯಾದ ಆತನಿಗೆ ಗಾಜಿನ ಫಲಕಗಳ ಭಾರವಾದ ಕ್ಯಾಮರಾವನ್ನು ಹೊತ್ತು ತಿರುಗುವುದು ಕಷ್ಟವಾಗಿತ್ತು. ಸಿನಿಮಾ ಫಿಲ್ಮನ್ನೇ ಬಳಸುವ ಪುಟ್ಟ ಕ್ಯಾಮರಾವೊಂದನ್ನು ಆತ 1914ರ ಹೊತ್ತಿಗೆ ಮಾಡಿಕೊಂಡ. ಅದರ ವಂಶದ ಲೈಕಾ, 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಜನರೆದುರು ಬಂದಿತು.

ಅದರಲ್ಲಿ ಕನ್ನಡಿ ಇರಲಿಲ್ಲ. ಮೇಲಿನ ಕಿಂಡಿಗೆ ಕಣ್ಣಿಟ್ಟು ನೋಡಬೇಕು. ಆದರೆ ಕಿಂಡಿ ಕಂಡದ್ದೇ ಬೇರೆ, ಮಸೂರ ಕಂಡದ್ದೇ ತುಸು ಬೇರೆ. ಮಸೂರದ ನೋಟವನ್ನೇ ಕಣ್ಣಿಗೆ ತಲಪಿಸಲು ಒಳಗೊಂದು ಕನ್ನಡಿ, ತಲೆಯ ಮೇಲೊಂದು ಗಾಜಿನ ಪ್ರಿಸಂ ಬೇಕಾಯಿತು. 1959ರ ನಿಕಾನ್ ಎಫ್ ಈ ಜಾತಿಯ ಹೆಸರಾಂತ ಯಂತ್ರ. ನೋಟ ಸರಿಹೋಯಿತು, ಕ್ಯಾಮರಾಕ್ಕೆ ಮಾತ್ರ ಗೂನು ಬಂದಿತು.

ಅದೇ ವರ್ಷ ಜಪಾನಿನಲ್ಲಿ ಒಲಿಂಪಸ್ ಸಂಸ್ಥೆಯ ಯೋಶಿಹಿಸಾ ಮೈತಾನಿ ‘ಪೆನ್’ ಎಂಬ ಕಿರುಕ್ಯಾಮರಾವನ್ನು ರೂಪಿಸಿದರು. 36 ಚಿತ್ರಗಳ ಸುರುಳಿಯಲ್ಲಿ 72 ಚಿತ್ರ! ಮಧ್ಯಮವರ್ಗದ ಸಂಸಾರಿಗೆ ಇದಕ್ಕಿಂತ ಇನ್ನೇನು ಬೇಕು? 1963ರ ‘ಪೆನ್ ಎಫ್’ನಲ್ಲಿ ಅವರು ಕನ್ನಡಿಯನ್ನು ಪಕ್ಕಕ್ಕೆ ಹೊರಳುವಂತೆ ಮಾಡಿ, ಗೂನನ್ನೇ ಇಲ್ಲವಾಗಿಸಿದರು.

ಕನ್ನಡಿಯನ್ನೇ ಕಿತ್ತೊಗೆಯುವ ಕಾಲ ಬಂದದ್ದು 2008ರಲ್ಲಿ. ಆ ಹೊತ್ತಿಗೆ ಫಿಲ್ಮು ಹೋಗಿ ವಿದ್ಯುನ್ಮಾನ ಸಂವೇದಕ ಬಂದಿತ್ತಷ್ಟೆ. ಅದು ಕಂಡ ನೋಟ ನೇರವಾಗಿ ಪುಟ್ಟ ಪರದೆಯ ಮೇಲೆ ಮೂಡುವಾಗ ನಡುವೆ ಕನ್ನಡಿಯೇಕೆ? ಒಲಿಂಪಸ್, ಪ್ಯಾನಾಸೋನಿಕ್ ಎರಡೂ ಕೂಡಿ ಹೊಸ ಅಳತೆಯನ್ನು ಗೊತ್ತುಮಾಡಿದುವು. ಮಸೂರದ ಬುಡಕ್ಕೂ ಸಂವೇದಕಕ್ಕೂ ನಡುವಣ ಅಂತರ ಹಿಂದಿನದರ ಅರ್ಧದಷ್ಟಕ್ಕೆ, ಅಂದರೆ 20 ಮಿಲಿಮೀಟರಿಗೆ ಇಳಿಯಿತು. ಮೊದಲು ಹೊರಬಂದ ಪ್ಯಾನಾಸೋನಿಕ್ ಜಿ1ಕ್ಕೆ ಕನ್ನಡಿ ಹೋದರೂ ಗೂನು ಹೋಗಿರಲಿಲ್ಲ! ಹಳೆಯ ಚಾಳಿ.

ನಿಜವಾದ ಪೈಪೋಟಿ 2009ರದು. ಜೂನಿನಲ್ಲಿ ಒಲಿಂಪಸ್ ಇ-ಪಿ1, ಸೆಪ್ಟೆಂಬರಿನಲ್ಲಿ ಪ್ಯಾನಾಸೋನಿಕ್ ಜಿಎಫ್1. ಎರಡೂ ಚಪ್ಪಟೆ ತಲೆಯವು. ಒಂದರ ಮಸೂರ ಇನ್ನೊಂದಕ್ಕೆ ಕೂರುತ್ತಿತ್ತು. 335 ಗ್ರಾಂ ತೂಕದ ಇ-ಪಿ1 ಕೈನಡುಕವನ್ನು ತಾನೇ ಸರಿಪಡಿಸಿಕೊಳ್ಳುತ್ತಿತ್ತು, ಆದರೆ ಅದರಲ್ಲಿ ಫ್ಲ್ಯಾಶೂ ಇಲ್ಲ, ಕಿಂಡಿಯೂ ಇಲ್ಲ. 285 ಗ್ರಾಂನ ಜಿಎಫ್1 ಚುರುಕಾಗಿ ಫೋಕಸ್ ಹಿಡಿಯುತ್ತಿತ್ತು, ಫ್ಲ್ಯಾಶೂ ಇತ್ತು. ನಡುಕಕ್ಕೆ ಮಾತ್ರ ಒಡಲಲ್ಲಿ ಮದ್ದಿಲ್ಲ, ಕಿಂಡಿ ಬೇಕಾದರೆ ಬೇರೆ ಕೊಂಡು ಸಿಕ್ಕಿಸಬೇಕು.

ಇದರ ಸ್ಥೈರ್ಯ, ಅದರ ಚುರುಕು, ಎಡಮೂಲೆಯಲ್ಲೊಂದು ಕಿಂಡಿ: ಹವ್ಯಾಸಿಗಳ ಬಯಕೆ ಇಷ್ಟೆ. ಕಿಂಡಿಯೇಕೆಂದು ಕೇಳುವವರು ನಡುಹಗಲ ಬಿಸಿಲಿನಲ್ಲಿ ಪರದೆಯನ್ನು ನೋಡಲಿ. ಅವರ ಮುಖವೇ ಕಂಡೀತು. ಅಲ್ಲದೆ ತೋಳು ಚಾಚಿ ಹಿಡಿದದ್ದು ಅಲುಗುತ್ತದೆ, ಹುಬ್ಬಿಗೆ ಒತ್ತಿ ಹಿಡಿದದ್ದು ನಿಲ್ಲುತ್ತದೆ.

2013ರ ಪ್ಯಾನಾಸೋನಿಕ್ ಜಿಎಕ್ಸ್7ರಲ್ಲಿ ಮೂಲೆಯ ಕಿಂಡಿ, ಫ್ಲ್ಯಾಶು, ನಡುಕದ ಮದ್ದು ಮೂರೂ ಕೂಡಿದುವು. ಮೈತೂಕವೂ ಏರಿತೆನ್ನಿ. 2016ರಲ್ಲಿ ಒಲಿಂಪಸ್ ಹಳೆಯ ಪೆನ್ ಎಫ್ ಹೆಸರನ್ನೇ ಹೊಸ ಕ್ಯಾಮರಾಕ್ಕಿಟ್ಟು, ಮೂಲೆಯಲ್ಲಿ ಕಿಂಡಿ ಕೊಟ್ಟಿತು. ಫ್ಲ್ಯಾಶು ಈ ಬಾರಿಯೂ ಒಡಲಿನಿಂದ ಹೊರಗೆ. ಮಳೆ ಹನಿಯಿತೆಂದರೆ ಅದನ್ನು ಚೀಲದೊಳಕ್ಕೆ ಸೇರಿಸಬೇಕಾಗಿತ್ತು.